ಕೀಳುವುದು ಅರ್ಧ ಕೆಲಸ: ಕೊಡಗಿನ ಕಾಡು, ತೋಟ, ಹೊಳೆಗಳಲ್ಲಿ ಆಕ್ರಮಣಕಾರಿ ಜೀವಿಗಳು

ಮುಂಗಾರು ಹಿಡಿದು ನೆಲ ಚೆನ್ನಾಗಿ ನೆನೆದ ಮೇಲೆ, ಕತ್ತಲಾದ ಹೊತ್ತಿನಲ್ಲಿ ಶನಿವಾರಸಂತೆಯ ಆಸುಪಾಸಿನ ಕಾಫಿ ತೋಟಕ್ಕೆ ಟಾರ್ಚ್ ಹಿಡಿದು ಇಳಿದವರಿಗೆ ಕಾಣಸಿಗುವ ದೃಶ್ಯ ಬೇಗ ಮರೆಯುವಂಥದ್ದಲ್ಲ. ಗಿಡದ ಬುಡದಲ್ಲಿ, ಎಳೆಯ ರೆಂಬೆಗಳ ಮೇಲೆ, ಮೆಣಸಿನ ಬಳ್ಳಿ ಹಬ್ಬಿದ ಮರಗಳ ಮೇಲೆ ಅಂಗೈಯಷ್ಟು ದೊಡ್ಡ ಚಿಪ್ಪು ಹೊತ್ತ ಬಸವನಹುಳುಗಳು ನಿಧಾನವಾಗಿ ಏರುತ್ತಿರುತ್ತವೆ. ಕಾರ್ಮಿಕರ ಲೈನ್ ಮನೆಯ ಸುಣ್ಣ ಬಳಿದ ಗೋಡೆಯನ್ನೂ ಅವು ಬಿಡುವುದಿಲ್ಲ. ಚಿಪ್ಪು ಬೆಳೆಸಿಕೊಳ್ಳಲು ಬೇಕಾದ ಕ್ಯಾಲ್ಸಿಯಂ ಅವಕ್ಕೆ ಆ ಸುಣ್ಣದಲ್ಲಿ ಸಿಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಹುಳುವೂ ಕಣ್ಣಿಗೆ ಬೀಳದಿರಬಹುದು. ಒಣಗಿ ಹೊಳೆಯುವ ಲೋಳೆಯ ಗೆರೆ, ಸಿಪ್ಪೆ ಕೆರೆದ ಎಳೆ ಕಾಂಡ, ಅರ್ಧ ತಿಂದು ಬಿಟ್ಟ ಎಲೆ ಇಷ್ಟು ಮಾತ್ರ ಉಳಿದಿರುತ್ತವೆ.

ಇದು ದೈತ್ಯ ಆಫ್ರಿಕನ್ ಬಸವನಹುಳು. ಪೂರ್ವ ಆಫ್ರಿಕಾ ಮೂಲದ ಈ ಜೀವಿ ಮಾರಿಷಸ್ ದ್ವೀಪದ ದಾರಿಯಾಗಿ 1847ರಲ್ಲಿ ಕಲ್ಕತ್ತೆಗೆ ಬಂತು. ಚಿಪ್ಪುಜೀವಿಗಳ ಅಧ್ಯಯನದಲ್ಲಿ ಆಸಕ್ತಿಯಿದ್ದ ವಿಲಿಯಂ ಬೆನ್ಸನ್ ಎಂಬವರು ತಂದ ಕೆಲವು ಹುಳುಗಳನ್ನು ಅಲ್ಲಿನ ತೋಟವೊಂದರಲ್ಲಿ ಬಿಡಲಾಯಿತು. ಪ್ರತಿ ಹುಳುವಿನಲ್ಲೂ ಗಂಡು, ಹೆಣ್ಣು ಎರಡೂ ಅಂಗಗಳಿರುವುದರಿಂದ ಎರಡು ಹುಳುಗಳು ಕೂಡಿದರೆ ಎರಡೂ ಮೊಟ್ಟೆಯಿಡಬಲ್ಲವು. ಒಂದು ಸಲಕ್ಕೆ ನೂರರಿಂದ ನಾನೂರರವರೆಗೆ ಮೊಟ್ಟೆ. ಒಂದು ಸಲ ಕೂಡಿದ ಹುಳು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಟ್ಟುಕೊಂಡು ಬೇಕಾದಾಗ ಬಳಸಿಕೊಳ್ಳುತ್ತದೆ. ಆದ್ದರಿಂದ ಒಂದು ಲೋಡು ಗೊಬ್ಬರದಲ್ಲೋ ನರ್ಸರಿಯಿಂದ ತಂದ ಪಾಲಿಥಿನ್ ಚೀಲದ ಮಣ್ಣಿನಲ್ಲೋ ಒಂದೇ ಒಂದು ಹುಳು ಬಂದಿಳಿದರೂ ಹೊಸ ತೋಟದಲ್ಲಿ ಸಂಸಾರ ಹೂಡಲು ಅಷ್ಟೇ ಸಾಕು. ಬೇಸಿಗೆ ಬಂದಾಗ ಅದು ಮಣ್ಣಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಬಿಳಿಯ ಪೊರೆಯೊಂದನ್ನು ಮುಚ್ಚಿಕೊಂಡು ಮುಂದಿನ ಮಳೆಯವರೆಗೆ ಮಲಗಿರುತ್ತದೆ. ಐನೂರಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನಬಲ್ಲ ಜೀವಿಗೆ ಕಾಫಿ, ಮೆಣಸು, ಬಾಳೆ, ಪಪ್ಪಾಯಿ, ತರಕಾರಿ ಎಲ್ಲವನ್ನೂ ಒಂದೇ ಜಾಗದಲ್ಲಿ ಬೆಳೆಯುವ ಕೊಡಗಿನ ತೋಟಕ್ಕಿಂತ ಅನುಕೂಲದ ನೆಲೆ ಸಿಗುವುದು ಕಷ್ಟ.

ಹೀಗೆ ಮನುಷ್ಯನ ಕೈಯಿಂದ ತನ್ನ ಮೂಲ ನೆಲೆಯನ್ನು ಬಿಟ್ಟು ಬೇರೆಡೆಗೆ ಬಂದು, ಅಲ್ಲಿ ಯಾರ ನೆರವೂ ಇಲ್ಲದೆ ಹರಡಿ, ಆ ನೆಲದ ಜೀವಿಗಳಿಗೆ ಅಥವಾ ಜನರ ಬದುಕಿಗೆ ಹಾನಿ ಮಾಡುವ ಗಿಡ, ಪ್ರಾಣಿ, ಕೀಟ, ಮೀನುಗಳನ್ನು ಆಕ್ರಮಣಕಾರಿ ಪ್ರಭೇದಗಳೆನ್ನುತ್ತಾರೆ. ಈ ವ್ಯಾಖ್ಯೆಯ ಎರಡೂ ಭಾಗಗಳನ್ನು ಒಟ್ಟಿಗೆ ಹಿಡಿದುಕೊಳ್ಳಬೇಕು. ಹೊರಗಿನಿಂದ ಬಂದದ್ದೆಲ್ಲ ಆಕ್ರಮಣಕಾರಿಯಾಗಿದ್ದರೆ ಕೊಡಗಿನಲ್ಲಿ ನಮ್ಮದೆನ್ನುವ ಬೆಳೆಗಳಲ್ಲಿ ಉಳಿಯುವುದು ಭತ್ತ, ಮೆಣಸು, ಏಲಕ್ಕಿಯಂಥ ಕೆಲವು ಮಾತ್ರ. ಕಾಫಿಯೇ ಆಫ್ರಿಕಾದಿಂದ ಬಂದದ್ದು, ಅಡುಗೆಮನೆಯ ಹಸಿಮೆಣಸು ಅಮೆರಿಕ ಖಂಡದ್ದು. ತೋಟಗಳಲ್ಲಿ ಸಾಲುಸಾಲಾಗಿ ನಿಂತಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಅದು ತಾನಾಗಿ ಹರಡಿದ್ದಲ್ಲ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಡಿದು ಮಾರುವುದು ಕಾಡುಮರಗಳಿಗಿಂತ ಸಲೀಸು ಎಂಬ ಕಾರಣಗಳಿಗೆ ನಾವೇ ನೆಟ್ಟದ್ದು. ಹಳೆಯ ನೆರಳು ಮರಗಳ ಜಾಗವನ್ನು ಸಿಲ್ವರ್ ಓಕ್ ತುಂಬಿದ್ದರಿಂದ ಆದ ನಷ್ಟ ದೊಡ್ಡದು. ಆದರೂ ಅದನ್ನು ತಾನಾಗಿ ಕಾಡಿಗೆ ಹಬ್ಬುವ ಲಂಟಾನ ಪೊದೆಯಂಥವುಗಳ ಪಟ್ಟಿಗೆ ಸೇರಿಸಲಾಗದು, ಏಕೆಂದರೆ ಅಲ್ಲಿ ಪರಿಹಾರವಿರುವುದು ನೆಡುವವರ ತೀರ್ಮಾನದಲ್ಲಿ. ಹಾಗೆಯೇ ಹಾನಿ ಮಾಡುವುದೆಲ್ಲ ಹೊರಗಿನದೂ ಅಲ್ಲ. ಅರೇಬಿಕಾ ಕಾಫಿ ಬೆಳೆಗಾರರನ್ನು ತಲೆಮಾರುಗಳಿಂದ ಕಾಡುತ್ತಿರುವ ಬಿಳಿ ಕಾಂಡಕೊರಕ ಏಷ್ಯಾದ್ದೇ ಹುಳು. ಆದರೆ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ದೇಶದಲ್ಲೇ ಮೊದಲ ಬಾರಿ ಕಂಡು, ನಂತರ ನಮ್ಮ ತೋಟಗಳಿಗೂ ಬಂದ ಕಾಯಿಕೊರಕ ಆಫ್ರಿಕಾದ್ದು.

ಬಂದವುಗಳಲ್ಲಿ ಕೆಲವು ಮಾತ್ರ ಹೀಗೆ ಮಿತಿಮೀರಿ ಹಬ್ಬುವುದಕ್ಕೆ ಕಾರಣವೇನು? ಒಂದು ಕಾರಣ ಶತ್ರುಗಳಿಲ್ಲದಿರುವುದು. ಯಾವುದೇ ಗಿಡ ತನ್ನ ತವರಿನಲ್ಲಿ ಅದನ್ನೇ ತಿಂದು ಬದುಕುವ ಹತ್ತಾರು ಕೀಟಗಳ, ಅದಕ್ಕೇ ಅಂಟುವ ಶಿಲೀಂಧ್ರಗಳ ನಡುವೆ ವಿಕಾಸಗೊಂಡಿರುತ್ತದೆ; ಅವೇ ಅದರ ಸಂಖ್ಯೆಯನ್ನು ಹಿಡಿತದಲ್ಲಿ ಇಟ್ಟಿರುತ್ತವೆ. ಹಡಗಿನಲ್ಲಿ ಬೀಜವಷ್ಟೇ ಬಂದು ಆ ಶತ್ರುಗಳೆಲ್ಲ ಹಿಂದೆಯೇ ಉಳಿದಾಗ, ರಕ್ಷಣೆಗೆ ವ್ಯಯಿಸುತ್ತಿದ್ದ ಶಕ್ತಿಯೆಲ್ಲ ಬೆಳವಣಿಗೆಗೂ ಬೀಜಕ್ಕೂ ಹೋಗಬಹುದು. ಇನ್ನೊಂದು ಕಾರಣ ನಮ್ಮ ನೆಲದ ಸ್ಥಿತಿ. ಮೇಲ್ಛಾವಣಿ ಮುಚ್ಚಿದ, ಹಲವು ಅಂತಸ್ತಿನ ಕಾಡಿನೊಳಗೆ ನೆಲಕ್ಕೆ ಬಿಸಿಲು ಬೀಳುವುದೇ ಕಡಿಮೆ. ಬಿಸಿಲು ಬೇಡುವ ಹೊರಗಿನ ಪೊದೆ ಅಲ್ಲಿ ಮೊಳೆತರೂ ಮೇಲೇಳಲಾರದು. ಮರ ಕಡಿದಲ್ಲಿ, ರಸ್ತೆ ಕೊರೆದಲ್ಲಿ, ಗುಡ್ಡ ಜರಿದಲ್ಲಿ, ಗದ್ದೆ ಪಾಳುಬಿದ್ದಲ್ಲಿ ಬೆಳಕೂ ಖಾಲಿ ನೆಲವೂ ಒಟ್ಟಿಗೆ ಸಿಗುತ್ತವೆ. ಆಕ್ರಮಣ ಎಂಬ ಪದ ಕೇಳಿದಾಗ ಗಟ್ಟಿ ಕೋಟೆಯನ್ನು ಮುರಿದು ನುಗ್ಗಿದ ಶತ್ರುವಿನ ಚಿತ್ರ ಮನಸ್ಸಿಗೆ ಬರುತ್ತದೆ. ನಾನು ನೋಡಿದ ಬಹುಪಾಲು ಕಡೆಗಳಲ್ಲಿ ಬಾಗಿಲು ಮೊದಲೇ ತೆರೆದಿತ್ತು. ನಿಯಂತ್ರಣದ ಮಾತು ಬಂದಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ಲಂಟಾನದ ಕಥೆ ಇದಕ್ಕೆ ಅತ್ಯುತ್ತಮ ಉದಾಹರಣೆ. ಉಷ್ಣವಲಯದ ಅಮೆರಿಕದ ಈ ಪೊದೆಯನ್ನು ಯುರೋಪಿನ ತೋಟಗಾರರು ಹೂವಿನ ಚಂದಕ್ಕಾಗಿ ಒಯ್ದು, ತಳಿಗಳನ್ನು ಬೆರೆಸಿ ಹೊಸ ಹೊಸ ಬಣ್ಣ ತಂದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ತೋಟಗಳ ಬೇಲಿಗೆ, ಬೇಲಿಯಿಂದ ಕಾಡಿಗೆ ಹೋಯಿತು. ದನ ತಿನ್ನದ ಬೇಲಿ ಎಂದು ನೆಟ್ಟವರಿಗೆ ಜಿಂಕೆ, ಕಾಟಿಗಳೂ ಅದನ್ನು ತಿನ್ನುವುದಿಲ್ಲವೆಂಬುದರ ಪರಿಣಾಮ ಹೊಳೆದಿರಲಾರದು. ಎಲೆಯಲ್ಲಿರುವ ವಿಷ ದನಗಳ ಯಕೃತ್ತನ್ನು ಕೆಡಿಸುತ್ತದೆ. ಕಪ್ಪಾಗಿ ಹಣ್ಣಾದ ಕಾಯಿಗಳನ್ನು ಮಾತ್ರ ಪಿಕಳಾರಗಳು ಆಸೆಯಿಂದ ತಿಂದು, ಮರದ ಕೊಂಬೆಯ ಮೇಲೆ ಕುಳಿತು ಬೀಜ ಉದುರಿಸುತ್ತವೆ. ಇಂದು ದೇಶದಲ್ಲಿ ಹುಲಿಗಳು ಓಡಾಡುವ ಕಾಡುಪ್ರದೇಶದಲ್ಲಿ ಸುಮಾರು 1,54,000 ಚದರ ಕಿಲೋಮೀಟರ್, ಅಂದರೆ ಶೇ 40ಕ್ಕಿಂತ ಹೆಚ್ಚು ಭಾಗವನ್ನು ಲಂಟಾನ ಆವರಿಸಿದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು.

ನಾಗರಹೊಳೆಯ ಕಡೆಗೆ ಬನ್ನಿ. 643 ಚದರ ಕಿಲೋಮೀಟರಿನ ಈ ಉದ್ಯಾನದ ಒಂದು ಭಾಗ ಬ್ರಿಟಿಷರ ಕಾಲದಿಂದ ಬೆಳೆಸಿದ ತೇಗದ ನೆಡುತೋಪು. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಾಗ ನೆಲಕ್ಕೆ ಬಿಸಿಲು ಧಾರಾಳವಾಗಿ ಬೀಳುತ್ತದೆ. ಕೆಳಗೆ ಲಂಟಾನ ಎದೆಯೆತ್ತರಕ್ಕೂ ಮೀರಿ ಹೆಣೆದುಕೊಳ್ಳುತ್ತದೆ. ಒಂದು ಪೊದೆಯ ಒಳಗೆ ಬಗ್ಗಿ ನೋಡಿದರೆ ಬುಡದಲ್ಲಿ ಹುಲ್ಲಿನ ಎಸಳೂ ಕಾಣುವುದಿಲ್ಲ, ಮರದ ಸಸಿಗಳು ಬಹಳ ಕಡಿಮೆ. ಮೇಲಿನಿಂದ ನೆರಳು, ಬೇರು ಮತ್ತು ಉದುರೆಲೆಯಿಂದ ಇತರ ಬೀಜಗಳ ಮೊಳಕೆಯನ್ನು ತಡೆಯುವ ರಾಸಾಯನಿಕ: ಎರಡರ ನಡುವೆ ಕಾಡಿನ ಮುಂದಿನ ತಲೆಮಾರು ಹುಟ್ಟುವುದೇ ನಿಲ್ಲುತ್ತದೆ. ದೊಡ್ಡ ಮರಗಳು ನಿಂತಿರುವುದರಿಂದ ದೂರದಿಂದ ನೋಡುವವರಿಗೆ ಕಾಡು ಹಾಗೇ ಇದೆ ಎನಿಸುತ್ತದೆ. ಆ ಮರಗಳು ಮುಪ್ಪಾಗಿ ಬಿದ್ದ ದಿನ ಅವುಗಳ ಜಾಗಕ್ಕೆ ಬರಬೇಕಾದ ಸಸಿಗಳು ಅಲ್ಲಿ ಇರುವುದಿಲ್ಲ. ಆಕ್ರಮಣಕಾರಿ ಗಿಡ ಮಾಡುವ ಅತಿ ದೊಡ್ಡ ಹಾನಿ ಹೀಗೆ ಕಣ್ಣಿಗೆ ಕಾಣದೆ ದಶಕಗಟ್ಟಲೆ ನಡೆಯುವಂಥದ್ದು.

ಹುಲ್ಲು ಹೋದರೆ ಹುಲ್ಲು ತಿನ್ನುವವರು ಎಲ್ಲಿಗೆ ಹೋಗಬೇಕು? 2010ರ ನಂತರದ ವರ್ಷಗಳಲ್ಲಿ ನಾಗರಹೊಳೆಯ ಬಿದಿರು ಹೂಬಿಟ್ಟು ಸಾಮೂಹಿಕವಾಗಿ ಸತ್ತಾಗ ಆನೆಗಳು ಒಂದು ಮುಖ್ಯ ಮೇವನ್ನು ಕಳೆದುಕೊಂಡವು. ಬಿದಿರು ಬಿದ್ದು ತೆರವಾದ ನೆಲದಲ್ಲಿ ಹೊಸ ಬಿದಿರಿನ ಸಸಿಗಳು ಲಂಟಾನದೊಡನೆ ಸೆಣಸಬೇಕಾಯಿತು. ಇತ್ತ ತೋಟದಲ್ಲಿ ಹಲಸು ಹಣ್ಣಾಗಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ. ವಿರಾಜಪೇಟೆ, ಸಿದ್ದಾಪುರದ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಕಾರ್ಮಿಕರು ಆನೆಯ ಭಯವನ್ನು ಹೊತ್ತೇ ನಡೆಯುತ್ತಾರೆ. ಆನೆ ಮತ್ತು ಮನುಷ್ಯರ ಸಂಘರ್ಷಕ್ಕೆ ಕಾರಣಗಳು ಹಲವು, ಅದೆಲ್ಲವನ್ನೂ ಒಂದು ಪೊದೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕಂದಕ, ರೈಲು ಹಳಿಯ ಬೇಲಿ, ಪರಿಹಾರಧನ ಇವುಗಳ ಬಗ್ಗೆ ನಡೆಯುವಷ್ಟು ಚರ್ಚೆ ಕಾಡಿನೊಳಗಿನ ಮೇವಿನ ಬಗ್ಗೆ ನಡೆಯುವುದಿಲ್ಲವೆಂಬ ಬೇಸರ ನನಗಿದೆ. ಲಂಟಾನ ಒಣಗಿದಾಗ ಸುಲಭವಾಗಿ ಉರಿಯುತ್ತದೆ. ನೆಲಮಟ್ಟದಲ್ಲಿ ಹುಲ್ಲಿನೊಡನೆ ಹಾದುಹೋಗುವ ಕಿಚ್ಚು ಈ ಪೊದೆಗಳನ್ನು ಏಣಿಯಾಗಿ ಹಿಡಿದು ಮರದ ತಲೆಗೆ ಏರುತ್ತದೆ. ಬೆಂಕಿಯ ನಂತರ ಮತ್ತೆ ಮೊದಲು ಚಿಗುರುವುದೂ ಅದೇ ಪೊದೆ.

ಲಂಟಾನದ ಜೊತೆಗೆ ಯುಪಟೋರಿಯಂ ಪೊದೆ, ಒಂದೇ ಮಳೆಗಾಲದಲ್ಲಿ ಇಡೀ ಪೊದೆಯನ್ನು ಹೊದೆಯುವ ಮೈಕೇನಿಯಾ ಬಳ್ಳಿ, ರಸ್ತೆ ಬದಿಯ ಪಾರ್ಥೇನಿಯಂ ಇವೆಲ್ಲ ನಮ್ಮ ಜಿಲ್ಲೆಯ ಜನರಿಗೆ ಪರಿಚಿತವೇ. ಈಚೆಗೆ ಇನ್ನೂ ಹೆಚ್ಚು ಚಿಂತೆ ಹುಟ್ಟಿಸಿರುವುದು ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ. ಪಕ್ಕದ ವಯನಾಡಿನ ಮುತ್ತಂಗದಲ್ಲಿ 1980ರ ದಶಕದಲ್ಲಿ ನೆರಳಿಗೂ ಅಂದಕ್ಕೂ ನೆಟ್ಟ ಈ ಮರ ಇಂದು ವಯನಾಡು, ಬಂಡೀಪುರ, ನಾಗರಹೊಳೆಗಳ ಸಮಸ್ಯೆಯಾಗಿದೆ; ಪ್ರಾಣಿಗಳಿಗೆ ಜಿಲ್ಲೆ, ರಾಜ್ಯಗಳ ಗಡಿ ಇಲ್ಲದಿರುವಂತೆ ಬೀಜಗಳಿಗೂ ಇಲ್ಲ. ಲಂಟಾನ ಪೊದೆ, ಇದು ಮರ; ಕಡಿದಲ್ಲಿ ಒಂದರ ಬದಲು ಹತ್ತು ಚಿಗುರು ಒಡೆಯುತ್ತದೆ.

ದೇವರಕಾಡುಗಳ ಮಾತನ್ನು ಇಲ್ಲಿಯೇ ಹೇಳಬೇಕು. ಕೊಡಗಿನಲ್ಲಿ 1,214 ದೇವರಕಾಡುಗಳಿವೆ, ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. ಸರಾಸರಿ ಲೆಕ್ಕ ಹಾಕಿದರೆ ಒಂದೊಂದಕ್ಕೆ ಎರಡು ಹೆಕ್ಟೇರಿನ ಚಿಲ್ಲರೆ. ಕಾಡಿನ ತುಣುಕು ಚಿಕ್ಕದಾದಷ್ಟೂ ಅದರ ಒಟ್ಟು ನೆಲದಲ್ಲಿ ಅಂಚಿನ ಪಾಲು ಹೆಚ್ಚು, ಬಿಸಿಲು ಮತ್ತು ಗಾಳಿ ಒಳನುಗ್ಗುವುದು ಅಂಚಿನಿಂದ, ಹೊರಗಿನ ಬೀಜ ನೆಲೆಯೂರುವುದೂ ಅಂಚಿನಲ್ಲಿಯೇ. ಇಲ್ಲಿ ಬೆಳೆಗಾರರಾದ ನಾವು ಕೇಳಲು ಇಷ್ಟಪಡದ ಒಂದು ಸಂಗತಿಯಿದೆ. ತಮಿಳುನಾಡಿನ ಆನೆಮಲೆಯ ಕಾಡಿನ ತುಣುಕುಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಪಕ್ಕದ ತೋಟಗಳಿಂದ ರೋಬಸ್ಟಾ ಕಾಫಿ ಮಳೆಕಾಡಿನೊಳಗೆ ತಾನಾಗಿ ಹಬ್ಬುತ್ತಿದೆ ಎಂದು ತೋರಿಸಿತು. ಹಣ್ಣು ತಿಂದ ಪ್ರಾಣಿ ಪಕ್ಷಿಗಳು ಬೀಜವನ್ನು ಒಳಗೆ ಒಯ್ಯುತ್ತವೆ; ರೋಬಸ್ಟಾಗೆ ಲಂಟಾನದಂತೆ ಬಿಸಿಲೂ ಬೇಕಿಲ್ಲ, ನೆರಳಿನಲ್ಲೇ ಬೆಳೆಯಬಲ್ಲದು. ತೋಟದಲ್ಲಿ ಬೆಳೆಯಾಗಿರುವ ಗಿಡವೇ ಬೇಲಿಯಾಚೆ ಕಳೆಯಾಗುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮನೆಮನೆಗೆ ತರುವ ಮದ್ದುಸೊಪ್ಪು ನೆರಳಿನ ಅಡಿಯಲ್ಲಿ, ತೊರೆಯ ತಂಪಿನಲ್ಲಿ ಬೆಳೆಯುವ ಪಶ್ಚಿಮ ಘಟ್ಟದ್ದೇ ಗಿಡ. ಅಂಥ ಗಿಡಗಳ ನೆಲೆ ಇರುವುದು ಕಾಡಿನ ಕೆಳಅಂತಸ್ತಿನಲ್ಲಿ, ಈ ಹೊಸಬರು ಮೊದಲು ತುಂಬುವುದೂ ಅದನ್ನೇ.

ಹೊಳೆಯಲ್ಲಿ ನಡೆದದ್ದು ಇನ್ನೂ ಸೂಕ್ಷ್ಮವಾದ ಪಾಠ. ಕಾವೇರಿಯ ಬಿಳಿಮೀನು, ಅಂದರೆ ಬೆನ್ನುಗೂನಿನ ಮಾಹಶೀರ್, ಈ ನದಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು ಗಾಳದಲ್ಲಿ ಹಿಡಿದ ಮೀನು 120 ಪೌಂಡ್, ಎಂದರೆ 54 ಕೆ.ಜಿ. ತೂಗಿತ್ತು. ಸಿಡಿಮದ್ದು ಹಾಕಿ ಮೀನು ಕೊಲ್ಲುವುದು, ಅಣೆಕಟ್ಟು, ಮರಳುಗಾರಿಕೆಗಳಿಂದ ಮಾಹಶೀರ್ ಕಡಿಮೆಯಾದಾಗ 1970ರ ದಶಕದಿಂದ ಮರಿಕೇಂದ್ರದಲ್ಲಿ ಬೆಳೆಸಿದ ಮಾಹಶೀರ್ ಮರಿಗಳನ್ನು ಕಾವೇರಿಗೆ ಬಿಡತೊಡಗಿದರು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಬಿಟ್ಟ ಮರಿಗಳು ಮಹಾರಾಷ್ಟ್ರದ ಕಡೆಯ ನೀಲಿ ರೆಕ್ಕೆಯ ಮಾಹಶೀರ್, ಬೇರೆಯೇ ಪ್ರಭೇದ. ಅದೇ ಮಡುವು, ಅದೇ ಆಹಾರವನ್ನು ಹಂಚಿಕೊಳ್ಳಬೇಕಾಗಿ ಬಂದ ಹೊಸ ಮೀನು ಹೆಚ್ಚುತ್ತ ಹೋದಂತೆ ಕಾವೇರಿಯ ಮೂಲ ಮೀನು ಗಾಳಕ್ಕೆ ಬೀಳುವುದು ಅಪರೂಪವಾಯಿತು. ಮೀನು ಹಿಡಿದು ಬಿಡುವ ಹವ್ಯಾಸಿಗಳು ವರ್ಷವರ್ಷ ಬರೆದಿಟ್ಟ ದಾಖಲೆಯಿಂದಲೇ ಈ ಕುಸಿತ ಬೆಳಕಿಗೆ ಬಂತು. 2018ರಲ್ಲಿ ಬೆನ್ನುಗೂನಿನ ಮಾಹಶೀರ್ ಟಾರ್ ರೆಮದೇವಿ ಎಂಬ ಪ್ರಭೇದವೆಂದು ಖಚಿತವಾಯಿತು, ಅದೇ ವರ್ಷ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು.

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಕ್ರಮಣಕಾರಿ ಪ್ರಭೇದಗಳ ಆಮದು, ಸಾಗಣೆ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿದೆ. ಸ್ವಾಗತಿಸಬೇಕಾದ ಹೆಜ್ಜೆ. ಆದರೆ ಅಲ್ಲಿನ ವ್ಯಾಖ್ಯೆ ಭಾರತದ ಮೂಲದ್ದಲ್ಲದ ಜೀವಿಗಳಿಗೆ ಸೀಮಿತವಾಗಿದೆ. ದೇಶದ ಒಂದು ನದಿಯಿಂದ ಇನ್ನೊಂದು ನದಿಗೆ ಬಂದು ಹಾನಿ ಮಾಡಿದ ಮೀನು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ನದಿಗೆ ಗೊತ್ತಿರುವುದು ಜಲಾನಯನದ ಗಡಿ ಮಾತ್ರ. ಕಾನೂನೂ ಅದನ್ನು ಗುರುತಿಸಬೇಕೆಂಬುದು ನನ್ನ ಅಭಿಪ್ರಾಯ.

ವಿಷಯದ ಗಾತ್ರ ತಿಳಿಯಲು ಜಾಗತಿಕ ಲೆಕ್ಕವನ್ನು ಒಮ್ಮೆ ನೋಡಬಹುದು. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಮನುಷ್ಯನಿಂದಾಗಿ ಬೇರೆಡೆ ನೆಲೆಯೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿಕಾರಕವೆಂದು ದಾಖಲಾದವು 3,500ಕ್ಕೂ ಹೆಚ್ಚು. ದಾಖಲೆಗೆ ಸಿಕ್ಕ ಜೀವಿಗಳ ಅಳಿವಿನಲ್ಲಿ ಶೇ 60ರಷ್ಟಕ್ಕೆ ಇವು ಒಂದು ಮುಖ್ಯ ಕಾರಣ.

ಇನ್ನು ನಿಯಂತ್ರಣ. ಇಲ್ಲಿ ಎಲ್ಲಕ್ಕಿಂತ ದೊಡ್ಡ ಸತ್ಯ ಸಮಯಕ್ಕೆ ಸಂಬಂಧಿಸಿದ್ದು. ಹೊರಗಿನ ಜೀವಿ ಬಂದ ಕೂಡಲೇ ಹಬ್ಬುವುದಿಲ್ಲ. ಹಲವು ಸಲ ವರ್ಷಗಳ ಕಾಲ, ಕೆಲವೊಮ್ಮೆ ದಶಕಗಳ ಕಾಲ, ಅಲ್ಲೊಂದು ಇಲ್ಲೊಂದು ಎಂಬಂತೆ ಇದ್ದು ಆಮೇಲೆ ಒಮ್ಮೆಲೇ ಏರುತ್ತದೆ. ಪೂರ್ತಿ ತೊಲಗಿಸಲು ಸಾಧ್ಯವಿರುವುದು ಆ ಮೊದಲ ಅವಧಿಯಲ್ಲಿ ಮಾತ್ರ. ಅಮೆರಿಕದ ಫ್ಲಾರಿಡಾಕ್ಕೆ 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ಮೂರು ಆಫ್ರಿಕನ್ ಬಸವನಹುಳು ತಂದ. ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆಯಾದವು. 1975ರ ಹೊತ್ತಿಗೆ 18,000ಕ್ಕೂ ಹೆಚ್ಚು ಹುಳುಗಳನ್ನು ಹೆಕ್ಕಿ, ಹತ್ತು ಲಕ್ಷ ಡಾಲರ್ ವೆಚ್ಚ ಮಾಡಿ ಅವನ್ನು ಅಳಿಸಲು ಸಾಧ್ಯವಾಯಿತು. ಅದೂ ಸಾಧ್ಯವಾದದ್ದು ಒಂದು ಸಣ್ಣ ಪ್ರದೇಶಕ್ಕೆ ಸೀಮಿತವಾಗಿರುವಾಗಲೇ ಹಿಡಿದದ್ದರಿಂದ. ದೇಶದ ಗಡಿಯಲ್ಲಿ ತಡೆಯಲು 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. ತೋಟದ ಗೇಟಿನಲ್ಲಿ ತಡೆಯುವುದು ನಮ್ಮ ಕೆಲಸ. ಬಸವನಹುಳು ಇರುವ ಊರಿನಿಂದ ಬರುವ ಸಸಿ, ಗೊಬ್ಬರ, ಮರಳು, ಮಣ್ಣು ಮೆತ್ತಿದ ಯಂತ್ರ ಇವನ್ನು ನೋಡದೆ ಒಳಗೆ ಬಿಡಬಾರದು.

ಬಂದಾಗಿದ್ದರೆ ಬಸವನಹುಳುವಿಗೆ ಕೈಯಿಂದ ಹೆಕ್ಕುವುದಕ್ಕಿಂತ ನಂಬಿಕೆಯ ಉಪಾಯ ಇನ್ನೂ ಇಲ್ಲ. ಸಂಜೆ ನೆನೆಸಿದ ಗೋಣಿಚೀಲಗಳನ್ನು ಗಿಡಗಳ ನಡುವೆ ಹಾಸಿ, ಅದರಡಿ ಪಪ್ಪಾಯಿ ಎಲೆ, ಕೋಸಿನ ಎಲೆ, ಕೊಳೆತ ಹಣ್ಣು ಇಟ್ಟರೆ ಬೆಳಗಿನ ಜಾವಕ್ಕೆ ಹುಳುಗಳು ಅಲ್ಲಿ ಗುಂಪುಗೂಡಿರುತ್ತವೆ. ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ನಂತರ ಗುಂಡಿ ತೋಡಿ ಸುಣ್ಣ ಸೇರಿಸಿ ಹೂಳಬೇಕು. ಉಪ್ಪನ್ನು ನೇರವಾಗಿ ತೋಟದ ಮಣ್ಣಿಗೆ ಎರಚಿದರೆ ಕಾಫಿಯ ಬೇರಿಗೇ ಪೆಟ್ಟು. ಬರಿಗೈಯಿಂದ ಮುಟ್ಟಬಾರದು: ಮನುಷ್ಯನ ಮೆದುಳಿನ ಪೊರೆಗೆ ಉರಿಯೂತ ತರಬಲ್ಲ ಇಲಿ ಶ್ವಾಸಕೋಶದ ಹುಳುವನ್ನು ಇವು ಹೊತ್ತಿರಬಹುದು. ಬುಡದ ಮಣ್ಣನ್ನು ಸ್ವಲ್ಪ ಕೆದಕಿದರೆ ಮೆಂತ್ಯಕ್ಕಿಂತ ತುಸು ದೊಡ್ಡ, ತಿಳಿಹಳದಿ ಬಣ್ಣದ ಮೊಟ್ಟೆಗಳ ಗುಡ್ಡೆ ಸಿಗುತ್ತದೆ. ಅದನ್ನು ನಾಶ ಮಾಡಿದರೆ ಒಂದೇ ಕೈಚಳಕದಲ್ಲಿ ನೂರಾರು ಹುಳು ಕಡಿಮೆ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ಅದು ತೋಟದ ನಾಯಿಗೂ ವಿಷ. ಕೆಂಬೂತವೂ ಕೆಲವು ಬಗೆಯ ಮಿಂಚುಹುಳದ ಮರಿಗಳೂ ಈ ಬಸವನಹುಳುಗಳನ್ನು ತಿನ್ನುತ್ತವೆ. ಕಂಡಕಂಡಲ್ಲಿ ವಿಷ ಸುರಿದರೆ ಬೆಳೆಗಾರನ ಪರವಾಗಿ ದುಡಿಯುತ್ತಿರುವ ಅವೂ ಇಲ್ಲವಾಗುತ್ತವೆ. ಇದೆಲ್ಲವನ್ನೂ ಒಬ್ಬರೇ ಮಾಡಿ ಪಕ್ಕದ ತೋಟದವರು ಸುಮ್ಮನಿದ್ದರೆ ಫಲವಿಲ್ಲ, ಊರೆಲ್ಲ ಒಂದೇ ವಾರ ಇಳಿಯಬೇಕು. ಕಾಯಿಕೊರಕದ ವಿಷಯದಲ್ಲಿ ನಾವು ಇದನ್ನು ಕಲಿತಿದ್ದೇವೆ: ಕೊಯ್ಲಿನ ಕೊನೆಗೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಕಾಯಿಗಳನ್ನು ಬಿಡದೆ ಹೆಕ್ಕಿದ ತೋಟದಲ್ಲಿ ಮರುವರ್ಷ ಕಾಟ ಕಡಿಮೆ, ಬಿಟ್ಟ ತೋಟದಿಂದ ಅಕ್ಕಪಕ್ಕಕ್ಕೆಲ್ಲ ಹಂಚಿಕೆ.

ಹಬ್ಬಿ ಮುಗಿದ ಜೀವಿಯ ವಿರುದ್ಧ ಅದರ ತವರಿನ ಶತ್ರುವನ್ನೇ ತರಿಸುವ ಜೈವಿಕ ನಿಯಂತ್ರಣಕ್ಕೆ ನಮ್ಮ ದೇಶದಲ್ಲಿ ಉಜ್ವಲ ಉದಾಹರಣೆಗಳಿವೆ. ದಕ್ಷಿಣ ಭಾರತದ ನೆಲವನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು 1926ರಲ್ಲಿ ತಂದ ಒಂದು ಬಗೆಯ ಕೆಂಪುಬಣ್ಣದ ಹಿಟ್ಟುಹುಳು ಮಟ್ಟಹಾಕಿತು. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು ಇಂದು ಮಳೆಗಾಲದಲ್ಲಿ ದೇಶದ ಹಲವೆಡೆ ಕಾಣುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆಯನ್ನು 2010ರಲ್ಲಿ ತರಿಸಿದ ಸಣ್ಣ ಪರೋಪಜೀವಿ ಕಣಜವೊಂದು ಬೇಗನೆ ಹತೋಟಿಗೆ ತಂದಿತು. ಇವೆಲ್ಲ ಗೆದ್ದದ್ದು ಆ ಶತ್ರುಗಳು ಒಂದೇ ಬಗೆಯ ಆಹಾರಕ್ಕೆ ಕಟ್ಟುಬಿದ್ದವಾದ್ದರಿಂದ. ಸಿಕ್ಕಿದ್ದನ್ನೆಲ್ಲ ತಿನ್ನುವ ಬೇಟೆಗಾರನನ್ನು ತಂದರೆ ಏನಾಗುತ್ತದೆ ಎಂಬುದಕ್ಕೂ ಬಸವನಹುಳುವೇ ಸಾಕ್ಷಿ. ಆಫ್ರಿಕನ್ ಹುಳುವನ್ನು ತಿನ್ನಲೆಂದು 1955ರಲ್ಲಿ ಹವಾಯಿಗೆ, 1977ರಲ್ಲಿ ಪೆಸಿಫಿಕ್ಕಿನ ಮೋರಿಯಾ ದ್ವೀಪಕ್ಕೆ ತೋಳ ಬಸವನಹುಳುವನ್ನು ಬಿಟ್ಟರು. ಅದು ದೈತ್ಯನನ್ನು ಬಿಟ್ಟು ಅಲ್ಲಿನ ಪುಟ್ಟ ಮರಬಸವನಹುಳುಗಳನ್ನು ತಿಂದಿತು. ಮೋರಿಯಾದ ಕಾಡಿನಲ್ಲಿ ಅವು ಹತ್ತೇ ವರ್ಷದಲ್ಲಿ ಕಾಣೆಯಾದವು. ಲಂಟಾನಕ್ಕೆ ಜಗತ್ತಿನಾದ್ಯಂತ ನಲವತ್ತಕ್ಕಿಂತ ಹೆಚ್ಚು ಬಗೆಯ ಕೀಟ, ರೋಗಗಳನ್ನು ಬಿಟ್ಟು ನೋಡಿದರೂ ಪೂರ್ತಿ ಜಯ ಸಿಕ್ಕಿಲ್ಲ. ಹಲವು ತಳಿಗಳ ಮಿಶ್ರಣವಾದ್ದರಿಂದ ಒಂದು ಕೀಟ ಒಂದು ಬಗೆಯನ್ನು ತಿಂದು ಇನ್ನೊಂದನ್ನು ಬಿಡುತ್ತದೆ.

ಆದ್ದರಿಂದ ಲಂಟಾನಕ್ಕೆ ಇಂದಿಗೂ ಕೈಕೆಲಸವೇ ಗತಿ, ಆದರೆ ಅದನ್ನು ಮಾಡುವ ಕ್ರಮವಿದೆ. ನೆಲದ ಮೇಲೆ ಕತ್ತಿಯಿಂದ ಸವರಿದರೆ ಮುಂದಿನ ಮಳೆಗೆ ಇಮ್ಮಡಿ ಚಿಗುರುತ್ತದೆ. ಜೆಸಿಬಿ ಹಾಕಿ ಉಜ್ಜಿದರೆ ಮಣ್ಣು ಅಡಿಮೇಲಾಗಿ ಹುದುಗಿದ್ದ ಬೀಜಗಳೆಲ್ಲ ಎಚ್ಚರಗೊಳ್ಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರೂಢಿಸಿದ ವಿಧಾನ ಹೀಗಿದೆ: ಒಬ್ಬರು ಪೊದೆಯ ಕಾಂಡಗಳನ್ನು ಒಂದು ಬದಿಗೆ ಬಾಗಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಬುಡದಲ್ಲಿ ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿಯುತ್ತಾರೆ. ಚಿಗುರೊಡೆಯುವ ಕಣ್ಣುಗಳಿರುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಅದರ ಕೆಳಗೆ 'ಕಟಕ್' ಎಂದು ಕಡಿದರೆ ನೆಲದೊಳಗೆ ಉಳಿದ ಬೇರು ಮತ್ತೆ ಚಿಗುರಲಾರದು. ಕಿತ್ತ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡುತ್ತಾರೆ, ಇಲ್ಲವಾದರೆ ಮಣ್ಣಿಗೆ ತಾಗಿದ ಗಂಟು ಮತ್ತೆ ಬೇರುಬಿಡುತ್ತದೆ. ಮಣ್ಣು ಹೆಚ್ಚು ಕದಡುವುದಿಲ್ಲ, ವಿಷ ಬೇಕಿಲ್ಲ, ದೊಡ್ಡ ಯಂತ್ರ ಬೇಕಿಲ್ಲ. ಕಾಯಿ ಹಣ್ಣಾಗುವ ಮೊದಲೇ ಇದನ್ನು ಮುಗಿಸಿದರೆ ಆ ವರ್ಷದ ಬೀಜ ನೆಲಕ್ಕೆ ಬೀಳುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಕೈಗಳೂ ಕಾಡಿನ ಓದೂ ನಮ್ಮಲ್ಲಿಯೇ ಇವೆ. ನಾಗರಹೊಳೆಯ ಅಂಚಿನ ಹಾಡಿಗಳಲ್ಲಿರುವ ಜೇನುಕುರುಬ, ಬೆಟ್ಟಕುರುಬ, ಎರವ ಸಮುದಾಯಗಳ ಹಿರಿಯರಿಗೆ ಯಾವ ಹುಲ್ಲು ಎಲ್ಲಿತ್ತು, ಯಾವ ಗೆಡ್ಡೆ ಎಲ್ಲಿ ಸಿಗುತ್ತಿತ್ತು ಎಂಬುದು ನೆನಪಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹಿಂದೆ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತು ಎಂದು ಹೇಳುತ್ತ ಬಂದಿದ್ದಾರೆ. ದಟ್ಟವಾಗಿ ಹಬ್ಬಿಯಾದ ಈಗಿನ ಸ್ಥಿತಿಯಲ್ಲಿ ಬೆಂಕಿ ಹಾಕುವುದು ಅಪಾಯವಾದರೂ, ಅವರ ಮಾತನ್ನು ಆಗಲೇ ಕೇಳಿದ್ದರೆ ಎಂದು ಅನಿಸದೆ ಇರದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ನೆರವಿನಿಂದ ಸೋಲಿಗರು ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ಜೀವನೋಪಾಯವಾಗಿ ಇದು ಒಳ್ಳೆಯದು. ಆದರೆ ಪೀಠೋಪಕರಣಕ್ಕೆ ಬೇಕಾಗುವುದು ಬೆಳೆದ ನೇರ ಕಡ್ಡಿ, ಬೇರಲ್ಲ. ಕಡ್ಡಿ ಕೊಯ್ದಷ್ಟಕ್ಕೆ ಪೊದೆ ಸಾಯುವುದಿಲ್ಲ. ಸೆನ್ನಾ ಮರವನ್ನು ಕಾಗದದ ತಿರುಳಿಗೆ ಕಡಿದು ಒಯ್ಯುವ ಯೋಜನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಮರ ಹೋಗಿ ಬುಡ ಉಳಿದರೆ ಚಿಗುರು ಖಚಿತ. ಆದಾಯವನ್ನು ಒಯ್ದ ಟನ್ನಿಗೆ ಕಟ್ಟದೆ, ತೆರವಾಗಿ ಹುಲ್ಲು ಮರಳಿದ ಎಕರೆಗೆ ಕಟ್ಟುವುದು ಸರಿಯಾದ ಲೆಕ್ಕ.

ಏಕೆಂದರೆ ಕಿತ್ತ ದಿನ ಸಿಗುವುದು ಬರಿಯ ಖಾಲಿ ನೆಲ, ಮತ್ತು ಖಾಲಿ ನೆಲವೇ ಈ ಕಥೆಯ ಮೊದಲ ಕಾರಣವಾಗಿತ್ತು. ಲಂಟಾನ ಕಿತ್ತು ಹಾಗೇ ಬಿಟ್ಟ ಜಾಗಕ್ಕೆ ಮರುವರ್ಷ ಲಂಟಾನವೇ ಬರುತ್ತದೆ, ಇಲ್ಲವೇ ಯುಪಟೋರಿಯಂ ಬರುತ್ತದೆ. ಆದ್ದರಿಂದ ಮೊದಲ ಮಳೆಗೇ ಅದೇ ಕಾಡಿನ ಹುಲ್ಲಿನ ಬೀಜ ಎರಚಬೇಕು. ನೆರಳಿದ್ದ ಕಾಡಾಗಿದ್ದರೆ, ದೇವರಕಾಡಿನ ಅಂಚಾಗಿದ್ದರೆ, ಅಲ್ಲಿಯದೇ ಮರಗಳ ಸಸಿಗಳನ್ನು ಒತ್ತಾಗಿ ನೆಡಬೇಕು. ಎರಡನೆಯ ಮಳೆಗಾಲದಲ್ಲಿ ಲಂಟಾನದ ಸಸಿ ಕೀಳಲು ಇಳಿದವರು ಮೊದಲು ಹೋಗಬೇಕಾದದ್ದು ಹಕ್ಕಿಗಳು ಹೆಚ್ಚಾಗಿ ಕುಳಿತುಕೊಳ್ಳುವ ಮರಗಳ ಕೆಳಗೆ. ಪಿಕಳಾರ ಉದುರಿಸಿದ ಬೀಜಗಳು ಅಲ್ಲಿ ಕೊಡೆಯ ಆಕಾರದಲ್ಲಿ ಮೊಳೆತಿರುತ್ತವೆ. ಆಗ ಗೇಣುದ್ದದ ಸಸಿ ಎರಡು ಬೆರಳಿಗೆ ಬೇರುಸಮೇತ ಬರುತ್ತದೆ, ಒಂದು ವರ್ಷ ಬಿಟ್ಟರೆ ಹಾರೆ ಬೇಕಾಗುತ್ತದೆ. ಮೂರನೆಯ ವರ್ಷಕ್ಕೆ ಹುಲ್ಲು ಮೊಣಕಾಲೆತ್ತರ ದಟ್ಟವಾಗಿ ನಿಂತ ಕಡೆ ಸಸಿಗಳು ತೀರಾ ವಿರಳವಾಗುತ್ತವೆ, ಮತ್ತು ಅಲ್ಲಿ ವರ್ಷಕ್ಕೊಂದು ಸುತ್ತು ಕಣ್ಣಾಡಿಸಿ ಬಂದರೆ ಸಾಕಾಗುತ್ತದೆ.